ಗಮ್ಮತ್ತಿಗೆ ಸ್ಪ್ಯಾನಿಷಿನಲ್ಲಿ ಏನು ಹೇಳುವುದು?

ಕಾಸರಗೋಡಿನಲ್ಲಿ ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬಂದವರನ್ನು “ಹೇಗಾಯ್ತು?” ಎಂದು ಕೇಳಿ ನೋಡಿ. ಹವ್ಯಕ ಮನೆಯವರು “ಎನಗೆ ಭಾರೀ ಕೊಶಿ ಆತು” ಅನ್ನುತ್ತಾರೆ. ತುಳುವಿನವರು “ಎಂಕ್ ಖುಷಿ ಆಂಡ್”, ಮಲಯಾಳದವರು “ಎನಿಕ್ಕ್ ಇಷ್ಟಪ್ಪೆಟ್ಟು”, ಉರ್ದು ಮನೆಮಾತಿನವರು “ಮುಝೆ ಪಸಂದ್ ಆಯಾ” ಅನ್ನುತ್ತಾರೆ. ಪುಸ್ತಕದ ಮರಾಠಿಯಲ್ಲಾದರೆ “ಮಲಾ ಆವಡಲಂ”. ಭಾಷೆ ಯಾವುದಾದರೂ ಮಾತು ಶುರುವಾಗುವುದು ‘ನನಗೆ’ ಎಂಬಲ್ಲಿಂದ. ಇಷ್ಟ, ಖುಷಿ ಎಂಬುದು ನಾನು ಮಾಡುವ ಕೆಲಸವಲ್ಲ, ನನಗೆ ಆಗುವ ಸಂಗತಿ. ಸಪ್ತಭಾಷೆಗಳ ಈ ನೆಲದಲ್ಲಿ ಇದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. “ಐ ಲೈಕ್ ಇಟ್” ಎಂದು ‘ನಾನು’ವನ್ನು ಮುಂದೆ ನಿಲ್ಲಿಸುವುದು ಶಾಲೆಯಲ್ಲಿ ಕಲಿತ ಇಂಗ್ಲಿಷ್ ಮಾತ್ರ.

ಸ್ಪ್ಯಾನಿಷ್ ಈ ವಿಷಯದಲ್ಲಿ ನಮ್ಮ ಕಡೆಗೆ ಸೇರಿದ ಭಾಷೆ. ‘ಮೆ ಗುಸ್ತಾ’ ಎಂದರೆ ‘ನನಗೆ ಇಷ್ಟ’. ‘ಮೆ’ ಎಂದರೆ ‘ನನಗೆ’. ‘ಗುಸ್ತಾ’ ಎಂದರೆ ‘ಇಷ್ಟವಾಗುತ್ತದೆ’. ಆದರೆ ನಮ್ಮವರು ಸ್ಪ್ಯಾನಿಷ್ ಕಲಿಯುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ ಬರೆದ ಪುಸ್ತಕ, ಆ್ಯಪ್‌ಗಳ ಮೂಲಕ. ಅಲ್ಲಿ ಈ ಕ್ರಿಯಾಪದವನ್ನು ತಲೆಕೆಳಗಾದ ಕ್ರಿಯಾಪದ ಎಂದು ಕರೆದು ಪಾಠವನ್ನೇ ಮೀಸಲಿಡುತ್ತಾರೆ. ಕನ್ನಡದವನೂ ಅದನ್ನು ನಂಬಿ, ಮೊದಲು “ಐ ಲೈಕ್” ಎಂದು ಯೋಚಿಸಿ, ಅದನ್ನು ತಿರುಗಿಸಿ, ಕೊನೆಗೆ ‘ಯೊ ಗುಸ್ತೊ’ ಎಂದು ತಪ್ಪಾಗಿ ಹೇಳುತ್ತಾನೆ. ಕೇಳಿದ ಸ್ಪ್ಯಾನಿಷ್‌ನವರಿಗೆ ಅದು ‘ನಾನು ಇಷ್ಟವಾಗುತ್ತೇನೆ’ ಎಂಬಂತೆ ಕಿವಿಗೆ ಬೀಳುತ್ತದೆ. ಕನ್ನಡದಿಂದ ನೇರ ಸ್ಪ್ಯಾನಿಷಿಗೆ ಹೋದರೆ ಈ ತಪ್ಪು ಹುಟ್ಟುವುದೇ ಇಲ್ಲ. ಈ ಬರಹದ ಒಟ್ಟು ಉದ್ದೇಶ ಅದು: ಖುಷಿಯ ಮಾತಿಗೆ ಕನ್ನಡ ಎಲ್ಲಿಯವರೆಗೆ ಕೈಹಿಡಿದು ನಡೆಸುತ್ತದೆ, ಎಲ್ಲಿ ಕೈಬಿಡಬೇಕು ಎಂದು ತೋರಿಸುವುದು.

ಉಚ್ಚಾರದ ಬಗ್ಗೆ ಮೊದಲೇ ಎರಡು ಮಾತು. ಸ್ಪ್ಯಾನಿಷಿನ ತಕಾರ ನಮ್ಮ ‘ತ’, ಇಂಗ್ಲಿಷಿನಿಂದ ಬಂದ ‘ಟ’ ಅಲ್ಲ. ಗುಸ್ಟಾ ಅಲ್ಲ, ಗುಸ್ತಾ. ‘ಪ’, ‘ಕ’ ಕೂಡ ನಮ್ಮ ಅಲ್ಪಪ್ರಾಣಗಳೇ. ಬರೆಯುವಾಗ ‘ವಿ’ ಅಕ್ಷರ ಕಂಡರೂ ಬಾಯಲ್ಲಿ ‘ಬ’ ಬರಬೇಕು. ‘ಎಚ್’ ಅಕ್ಷರಕ್ಕೆ ಸದ್ದೇ ಇಲ್ಲ. ನಿಜವಾದ ತೊಡಕು ಒತ್ತಿನದ್ದು. ಕನ್ನಡದಲ್ಲಿ ಹ್ರಸ್ವ–ದೀರ್ಘ ಅರ್ಥ ಬದಲಿಸುತ್ತದೆ. ಸ್ಪ್ಯಾನಿಷಿನಲ್ಲಿ ಆ ಕೆಲಸ ಮಾಡುವುದು ಒತ್ತು. ಮೊದಲ ಅಕ್ಷರದ ಮೇಲೆ ಒತ್ತು ಬಿದ್ದ ‘ಗುಸ್ತೊ’ಗೂ ಕೊನೆಯಲ್ಲಿ ಒತ್ತಿದ ‘ಗುಸ್ತೋ’ಗೂ ಅಜಗಜಾಂತರ: ಎರಡನೆಯದು ‘ಇಷ್ಟವಾಯಿತು’. ಪದ ಸ್ವರದಲ್ಲಿ, ‘ನ್’ನಲ್ಲಿ ಅಥವಾ ‘ಸ್’ನಲ್ಲಿ ಮುಗಿದರೆ ಒತ್ತು ಕೊನೆಯಿಂದ ಎರಡನೆಯ ಅಕ್ಷರದ ಮೇಲೆ, ಬೇರೆ ವ್ಯಂಜನದಲ್ಲಿ ಮುಗಿದರೆ ಕೊನೆಯ ಅಕ್ಷರದ ಮೇಲೆ, ಈ ನಿಯಮ ಮೀರಿದ ಕಡೆ ಮಾತ್ರ ಬರಹದಲ್ಲಿ ಗೀಟು ಹಾಕುತ್ತಾರೆ. ಇಲ್ಲಿ ಈ, ಊ, ಏ, ಓ ಎಂದು ದೀರ್ಘ ಹಾಕಿದ ಕಡೆ ಒತ್ತು ಇದೆ ಎಂದು ಓದಿಕೊಳ್ಳಿ. ‘ಆ’ ಮಾತ್ರ ಎಲ್ಲ ಕಡೆಯೂ ಬಾಯಿ ತೆರೆದು ಹೇಳುವ ಸ್ವರದ ಗುರುತು; ಅದನ್ನು ಎಳೆಯಬೇಕಾಗಿಲ್ಲ.

ಮಲಯಾಳ ಬಲ್ಲವರಿಗೆ ಇಲ್ಲೊಂದು ಹೆಚ್ಚಿನ ಲಾಭವಿದೆ. ‘ಕರ’ ಎಂದರೆ ದಡ, ಒತ್ತುರಕಾರದ ‘ಕಱ’ ಎಂದರೆ ಕಲೆ. ಇದೇ ಬಗೆಯ ವ್ಯತ್ಯಾಸ ಸ್ಪ್ಯಾನಿಷಿನ ‘ಪೆರೊ’ (ಆದರೆ) ಮತ್ತು ‘ಪೆಱೊ’ (ನಾಯಿ) ಪದಗಳ ನಡುವೆ ಇದೆ. ಬೆಂಗಳೂರಿನ ಕನ್ನಡಿಗ ಇದಕ್ಕಾಗಿ ವಾರಗಟ್ಟಲೆ ನಾಲಿಗೆ ತಿರುಗಿಸಬೇಕಾದೀತು. ಮಂಜೇಶ್ವರದಿಂದ ಹೊಸದುರ್ಗದವರೆಗಿನ ಕಿವಿಗೆ ಅದು ಹೊಸತಲ್ಲ.

ಈಗ ‘ಗುಸ್ತಾರ್’. ಯಾರಿಗೆ ಎಂಬುದಕ್ಕೆ ಆರು ಪುಟ್ಟ ಪದಗಳು: ಮೆ ನನಗೆ, ತೆ ನಿನಗೆ, ಲೆ ಅವನಿಗೆ, ಅವಳಿಗೆ ಅಥವಾ ಗೌರವದ ನಿಮಗೆ, ನೊಸ್ ನಮಗೆ, ಒಸ್ ಸ್ಪೇನ್ ದೇಶದಲ್ಲಿ ಸಲಿಗೆಯ ಬಹುವಚನದ ನಿಮಗೆ, ಲೆಸ್ ಅವರಿಗೆ ಅಥವಾ ಬಹುವಚನದ ನಿಮಗೆ. ಲ್ಯಾಟಿನ್ ಅಮೆರಿಕದಲ್ಲಿ ‘ಒಸ್’ ಬಳಕೆಯಲ್ಲಿಲ್ಲ, ಹಾಗಾಗಿ ಅಲ್ಲಿಯವರ ಜೊತೆ ಮಾತಾಡುವವರಿಗೆ ಐದೇ ಸಾಕು. ಕ್ರಿಯಾಪದಕ್ಕೆ ದಿನಬಳಕೆಯಲ್ಲಿ ಎರಡೇ ರೂಪ: ಇಷ್ಟವಾಗುವ ವಸ್ತು ಒಂದಾದರೆ ಗುಸ್ತಾ, ಹಲವಾದರೆ ಗುಸ್ತಾನ್.

ಮೆ ಗುಸ್ತಾ ಎಲ್ ಕಾಫೇ, ನನಗೆ ಕಾಫಿ ಇಷ್ಟ. ಮೆ ಗುಸ್ತಾನ್ ಲೊಸ್ ಮಾಂಗೊಸ್, ನನಗೆ ಮಾವಿನಹಣ್ಣುಗಳು ಇಷ್ಟ.

ಕನ್ನಡ ಕೈಬಿಡುವ ಮೊದಲ ಜಾಗ ಇದು. ನಮ್ಮ ‘ಇಷ್ಟ’ಕ್ಕೆ ಏಕವಚನ ಬಹುವಚನ ಇಲ್ಲ; ಮಾತಿನಲ್ಲಂತೂ “ಹಾಡುಗಳೆಲ್ಲ ಇಷ್ಟ ಆಯ್ತು” ಎಂದರೆ ಯಾರಿಗೂ ತಪ್ಪೆನಿಸುವುದಿಲ್ಲ. ಅದೇ ರೂಢಿಯಲ್ಲಿ ‘ಮೆ ಗುಸ್ತಾ ಲೊಸ್ ಮಾಂಗೊಸ್’ ಎಂದು ಬಂದುಬಿಡುತ್ತದೆ. ಮದ್ದು ಕನ್ನಡದಲ್ಲೇ ಇದೆ, ಬರಹದ ಕನ್ನಡದಲ್ಲಿ. “ಹಾಡು ಇಷ್ಟವಾಯಿತು, ಹಾಡುಗಳು ಇಷ್ಟವಾದವು, ಅವಳು ಇಷ್ಟವಾದಳು, ನೀನು ಇಷ್ಟವಾದೆ.” ಕ್ರಿಯಾಪದ ಇಷ್ಟಪಟ್ಟವನನ್ನು ನೋಡುತ್ತಿಲ್ಲ, ಇಷ್ಟವಾದದ್ದನ್ನು ನೋಡಿ ರೂಪ ಬದಲಿಸುತ್ತಿದೆ. ಸ್ಪ್ಯಾನಿಷ್ ಮಾಡುವುದು ಇದನ್ನೇ. ಮರಾಠಿ ಬಲ್ಲವರಿಗೆ “ಮಲಾ ಆಂಬಾ ಆವಡತೋ, ಮಲಾ ಆಂಬೇ ಆವಡತಾತ” ಎಂಬ ಜೋಡಿ ಇನ್ನೂ ಹತ್ತಿರ. ಗುಸ್ತಾ–ಗುಸ್ತಾನ್ ಗೊಂದಲವಾದಾಗಲೆಲ್ಲ ಮನಸ್ಸಿನಲ್ಲಿ ‘ಇಷ್ಟವಾಯಿತೋ, ಇಷ್ಟವಾದವೋ’ ಎಂದು ಒಮ್ಮೆ ಕೇಳಿಕೊಂಡರೆ ಸಾಕು.

ಇಷ್ಟವಾಗುವುದು ಕೆಲಸವಾದರೆ ಲೆಕ್ಕ ಬೇರೆ. ಮೆ ಗುಸ್ತಾ ಕಾಂತಾರ್ ಎಂದರೆ ಹಾಡುವುದು ಇಷ್ಟ. ಮೆ ಗುಸ್ತಾ ಕಾಂತಾರ್ ಇ ಬಾಯ್ಲಾರ್ ಎಂದರೆ ಹಾಡುವುದೂ ಕುಣಿಯುವುದೂ ಇಷ್ಟ. ಕೆಲಸ ಎರಡಾದರೂ ಗುಸ್ತಾ ಏಕವಚನದಲ್ಲೇ ಉಳಿಯುತ್ತದೆ. ಮೂರಾದರೂ ಹಾಗೆಯೇ.

ಎರಡನೆಯ ಜಾಗ ‘ಎಲ್, ಲಾ, ಲೊಸ್, ಲಾಸ್’ ಎಂಬ ಪುಟ್ಟ ಪದಗಳು. ‘ಮೆ ಗುಸ್ತಾ ಕಾಫೇ’ ಎಂದು ಎಲ್ ಬಿಟ್ಟು ಹೇಳಿದರೆ ಅರ್ಥ ಗೊತ್ತಾದೀತು, ಆದರೆ ತಪ್ಪು ತಪ್ಪೇ. ಕಾಫಿ ಎಂಬ ವಸ್ತು ಇಲ್ಲಿ ವಾಕ್ಯದ ಕರ್ತೃ. ಒಟ್ಟು ಕಾಫಿ ಎಂಬ ಅರ್ಥದಲ್ಲಿ ಕರ್ತೃವಾಗಿ ನಿಂತ ನಾಮಪದಕ್ಕೆ ಸ್ಪ್ಯಾನಿಷ್ ಎಲ್ ಅಥವಾ ಲಾ ಬೇಡುತ್ತದೆ. ಕನ್ನಡದಲ್ಲಿ ಅಂಥದ್ದೊಂದು ಪದವೇ ಇಲ್ಲದ ಕಾರಣ ನಮಗೆ ಇದು ಕೊನೆಯವರೆಗೂ ಕಾಡುವ ತಪ್ಪು. ಹೊಸ ನಾಮಪದ ಕಲಿಯುವಾಗ ‘ಕಾಫೇ’ ಎಂದು ಬರೆದುಕೊಳ್ಳದೆ ‘ಎಲ್ ಕಾಫೇ’ ಎಂದೇ ಬರೆದುಕೊಳ್ಳಬೇಕು, ಲಾ ಮೂಸಿಕಾ, ಲಾ ಯೂಬ್ಯಾ (ಮಳೆ), ಎಲ್ ಮಾರ್ (ಸಮುದ್ರ) ಎಂದು ಜೋಡಿಯಾಗಿ.

ಮೂರನೆಯದು ಹೆಸರು ಬಂದಾಗ. ‘ಅಮ್ಮನಿಗೆ ಮಾವಿನಹಣ್ಣು ಇಷ್ಟ’ ಎನ್ನಲು ‘ಆ ಮಿ ಮಾದ್ರೆ ಲೆ ಗುಸ್ತಾ ಎಲ್ ಮಾಂಗೊ’. ‘ಆ’ ಎಂದರೆ ನಮ್ಮ ಚತುರ್ಥಿಯ ‘ಗೆ’, ಆದರೆ ಪದದ ಹಿಂದೆ ಅಂಟಿಕೊಳ್ಳದೆ ಮುಂದೆ ನಿಲ್ಲುತ್ತದೆ. ಅಷ್ಟಾದ ಮೇಲೂ ‘ಲೆ’ ಬೇಕು. ‘ನಮ್ಮ ಅಮ್ಮನಿಗೆ, ಅವರಿಗೆ, ಇಷ್ಟ’ ಎಂದಂತೆ. ಹೇಳಿದ್ದನ್ನೇ ಮತ್ತೆ ಯಾಕೆ ಹೇಳಬೇಕು ಎಂದು ಕನ್ನಡದ ಮನಸ್ಸು ‘ಲೆ’ಯನ್ನು ನುಂಗಿಬಿಡುತ್ತದೆ. ನುಂಗಬಾರದು. ಬಿಡುವುದಾದರೆ ಅಮ್ಮನನ್ನು ಬಿಡಬಹುದು, ‘ಲೆ’ಯನ್ನು ಬಿಡುವ ಹಾಗಿಲ್ಲ. ‘ಆ ಮೀ ಮೆ ಗುಸ್ತಾ’ ಎಂದರೂ ಹೀಗೆಯೇ, ‘ನನಗಂತೂ ಇಷ್ಟ’ ಎಂಬ ಒತ್ತಿನ ಮಾತು.

ಒಬ್ಬರು ‘ಮೆ ಗುಸ್ತಾ’ ಎಂದಾಗ ಇನ್ನೊಬ್ಬರು ದನಿಗೂಡಿಸುವ ಬಗೆಯಲ್ಲಿ ಕನ್ನಡ ಬಹಳ ಚೆನ್ನಾಗಿ ನೆರವಾಗುತ್ತದೆ. ‘ನನಗೂ’ ಎಂದರೆ ಆ ಮೀ ತಾಂಬ್ಯೇನ್. ‘ನನಗೂ ಇಷ್ಟ ಇಲ್ಲ’ ಎಂದರೆ ಆ ಮೀ ತಾಂಪೋಕೊ. ಅವರಿಗೆ ಇಷ್ಟ, ನನಗಿಲ್ಲ ಎಂದಾದರೆ ಆ ಮೀ ನೊ. ಅವರಿಗೆ ಇಲ್ಲ, ನನಗೆ ಇಷ್ಟವೇ ಎಂದಾದರೆ ಆ ಮೀ ಸೀ. ಇಲ್ಲಿ ‘ಯೊ ತಾಂಬ್ಯೇನ್’ ಎಂದರೆ ‘ನಾನೂ’ ಎಂದಾಯಿತು. “ನನಗೆ ಪತ್ರೊಡೆ ಇಷ್ಟ” ಎಂದವರಿಗೆ ಕನ್ನಡದಲ್ಲಿ ಯಾರೂ “ನಾನೂ” ಎಂದು ಉತ್ತರಿಸುವುದಿಲ್ಲ. ಇಂಗ್ಲಿಷಿನ “ಮೀ ಟೂ” ತಲೆಯಲ್ಲಿದ್ದವರು ಮಾತ್ರ ಇಲ್ಲಿ ಜಾರುತ್ತಾರೆ.

ಎಷ್ಟು ಇಷ್ಟ? ಕೆಳಗಿನಿಂದ ಮೇಲಕ್ಕೆ: ನೊ ಮೆ ಗುಸ್ತಾ ನಾದಾ (ಒಂಚೂರೂ ಇಷ್ಟ ಇಲ್ಲ), ನೊ ಮೆ ಗುಸ್ತಾ ಮೂಚೊ (ಅಷ್ಟೇನೂ ಇಷ್ಟ ಇಲ್ಲ), ಮೆ ಗುಸ್ತಾ ಬಾಸ್ತಾಂತೆ (ಸಾಕಷ್ಟು ಇಷ್ಟ), ಮೆ ಗುಸ್ತಾ ಮೂಚೊ (ತುಂಬಾ ಇಷ್ಟ), ಮೆ ಎಂಕಾಂತಾ (ಇಷ್ಟವೆಂದರೆ ಪ್ರಾಣ). ನಮ್ಮ ‘ತುಂಬಾ’ ಇಲ್ಲಿ ಒಂದು ಗುಂಡಿ ತೋಡುತ್ತದೆ. ‘ತುಂಬಾ ಇಷ್ಟ’ಕ್ಕೂ ‘ತುಂಬಾ ಚಂದ’ಕ್ಕೂ ನಮಗೆ ಒಂದೇ ಪದ. ಸ್ಪ್ಯಾನಿಷಿನಲ್ಲಿ ಕ್ರಿಯಾಪದದ ಜೊತೆ ‘ಮೂಚೊ’, ಗುಣವಾಚಕದ ಮುಂದೆ ‘ಮುಯ್’. ಮೆ ಗುಸ್ತಾ ಮೂಚೊ, ಆದರೆ ಮುಯ್ ಬೊನೀತೊ. ‘ಮೆ ಗುಸ್ತಾ ಮುಯ್’ ಎಂಬುದಿಲ್ಲ.

‘ಎಂಕಾಂತಾ’ ನೆನಪಿಡಲು ತುಳು ಬಲ್ಲವರಿಗೆ ಸುಲಭ: ಪದದ ಮೊದಲಲ್ಲೇ ‘ಎಂಕ್’ ಕೂತಿದೆ. ಇದು ಬರೀ ಕಾಕತಾಳೀಯ, ಆದರೆ ನೆನಪಿಗೆ ಕಾಕತಾಳೀಯವೂ ಸಾಕು. ಮೂಲದಲ್ಲಿ ಎಂಕಾಂತಾರ್ ಎಂದರೆ ಮಂತ್ರ ಹಾಕಿ ಮೋಡಿ ಮಾಡುವುದು. ಅದರೊಳಗೆ ಹಾಡು ಎಂಬರ್ಥದ ಬೇರೂ ಉಂಟು. ಚೆಂಡೆಯ ಪೆಟ್ಟಿಗೆ ಮೈಮರೆತವರು ‘ಮೆ ಎಂಕಾಂತಾ ಲಾ ಚೆಂಡೆ’ ಎಂದರೆ ಪದ ಸರಿಯಾದ ಜಾಗಕ್ಕೆ ಬಿದ್ದಂತೆ. ಒಂದು ಎಚ್ಚರ: ಎಂಕಾಂತಾಗೆ ಮೂಚೊ ಸೇರಿಸುವ ಹಾಗಿಲ್ಲ. ಅದರಲ್ಲೇ ‘ತುಂಬಾ’ ಅಡಗಿದೆ. ‘ಮೆ ಎಂಕಾಂತಾ ಮೂಚೊ’ ಎಂದರೆ ಕೇಳುವವರಿಗೆ ಹೊರಗಿನವರೆಂದು ತಕ್ಷಣ ಗೊತ್ತಾಗುತ್ತದೆ.

ಮನುಷ್ಯರ ಬಗ್ಗೆ ಹೇಳುವಾಗ ಇನ್ನೂ ಹೆಚ್ಚಿನ ಎಚ್ಚರ ಬೇಕು. ‘ಮೆ ಗುಸ್ತಾಸ್’ ಎಂದು ಎದುರಿಗಿರುವವರಿಗೆ ಹೇಳಿದರೆ ಅದು ಪ್ರೇಮದ ಮಾತು. ಮೇಷ್ಟ್ರ ಬಗ್ಗೆ, ನೆರೆಮನೆಯವರ ಬಗ್ಗೆ, ಜೊತೆ ಕೆಲಸ ಮಾಡುವವರ ಬಗ್ಗೆ ‘ಮೆ ಕಾಯೆ ಬ್ಯೆನ್’ ಎನ್ನಬೇಕು. ಕಾಯೆರ್ ಎಂದರೆ ಬೀಳು. ‘ಅವರು ನನಗೆ ಚೆನ್ನಾಗಿ ಬೀಳುತ್ತಾರೆ’ ಎಂದು ಪದಪದ ಬಿಡಿಸಿದರೆ ನಗು ಬಂದೀತು, ಆದರೆ ‘ಅವರೆಂದರೆ ನನಗೆ ಹಿತ’ ಎನ್ನಲು ಅದೇ ಸರಿಯಾದ ಮಾತು. ನಟ, ಹಾಡುಗಾರರ ಕಲೆಯ ಬಗ್ಗೆ ಗುಸ್ತಾ ಹೇಳಿದರೆ ಅಡ್ಡಿಯಿಲ್ಲ.

ಕಾಲದ ವಿಷಯಕ್ಕೆ ಬಂದರೆ ಕನ್ನಡ ಮತ್ತೆ ಜೊತೆಗೆ ನಿಲ್ಲುತ್ತದೆ. ಇಂಗ್ಲಿಷಿನ ಮೂಲಕ ಕಲಿಯುವವರು ಹಣೆ ಚಚ್ಚಿಕೊಳ್ಳುವ ಎರಡು ಭೂತಕಾಲಗಳು ನಮ್ಮಲ್ಲಿ ಮೊದಲೇ ಬೇರೆಬೇರೆ. ‘ಇಷ್ಟವಾಯಿತು’ ಎಂದರೆ ಒಂದು ಸಲ ಆಗಿ ಮುಗಿದದ್ದು, ಅದು ಮೆ ಗುಸ್ತೋ. ‘ಇಷ್ಟವಾಗುತ್ತಿತ್ತು’ ಎಂದರೆ ಆ ದಿನಗಳಲ್ಲಿ ಹಾಗಿತ್ತು, ಅದು ಮೆ ಗುಸ್ತಾಬಾ. ನಿನ್ನೆಯ ಆಟ ಮೆ ಗುಸ್ತೋ. ಚಿಕ್ಕಂದಿನಲ್ಲಿ ನೋಡುತ್ತಿದ್ದ ಆಟಗಳು ಮೆ ಗುಸ್ತಾಬಾನ್. ಸ್ಪೇನಿನ ಬಹುಭಾಗದಲ್ಲಿ ಇವತ್ತೇ ಆದದ್ದಕ್ಕೆ ‘ಮೆ ಆ ಗುಸ್ತಾದೊ’ ಎಂಬ ಮೂರನೆಯದೂ ಕೇಳುತ್ತದೆ. ‘ಹೀಗಾದರೆ ಚೆನ್ನಾಗಿತ್ತು’ ಎಂಬ ಆಸೆಗೆ, ವಿನಯದ ಕೋರಿಕೆಗೆ ಮೆ ಗುಸ್ತಾರೀಆ. ಮೆ ಗುಸ್ತಾರೀಆ ಬೆರ್ ಲಾ ಫೊರ್ತಾಲೇಸಾ ದೆ ಬೇಕಲ್, ಬೇಕಲ ಕೋಟೆ ನೋಡಬೇಕೆಂದಿದೆ.

ಇಲ್ಲಿಯವರೆಗೆ ‘ನನಗೆ’ ಕೈಹಿಡಿದು ನಡೆಸಿತು. ಆದರೆ ಅದರ ಮೇಲೆ ಭಾರ ಹಾಕಿ ಎಲ್ಲ ಕಡೆಗೂ ಹೋಗಲಾಗದು, ಯಾಕೆಂದರೆ ಕನ್ನಡದ ‘ನನಗೆ’ ಸ್ಪ್ಯಾನಿಷಿನ ‘ಮೆ’ಗಿಂತ ದೊಡ್ಡ ಸಂಸಾರಸ್ಥ. ‘ನನಗೆ ತಲೆನೋವು’ ಎಂಬುದು ಮೆ ದ್ವೇಲೆ ಲಾ ಕಾಬೇಸಾ, ಸರಿ. ‘ನನಗೆ ಆಸಕ್ತಿ’ ಎಂಬುದು ಮೆ ಇಂತೆರೇಸಾ, ಅದೂ ಸರಿ. ‘ನನಗೆ ಬೇಕು’ ಎಂಬಲ್ಲಿ ದಾರಿ ಕವಲೊಡೆಯುತ್ತದೆ. ಅದಕ್ಕೆ ಕ್ಯೇರೊ, ‘ನಾನು ಬಯಸುತ್ತೇನೆ’ ಎಂಬ ಕಟ್ಟು. ‘ಮೆ ಕ್ಯೇರೊ’ ಎಂದರೆ ‘ನನ್ನನ್ನು ನಾನೇ ಪ್ರೀತಿಸುತ್ತೇನೆ’ ಎಂದಾಗುತ್ತದೆ. ‘ನನಗೆ ಗೊತ್ತು’ ಎಂಬುದು ಸೇ, ‘ನಾನು ಬಲ್ಲೆ’. ‘ನನಗೆ ಹಸಿವಾಗಿದೆ’ ಎಂಬುದು ತೇಂಗೊ ಆಂಬ್ರೆ, ‘ನನ್ನಲ್ಲಿ ಹಸಿವಿದೆ’. ‘ನನಗೆ ಖುಷಿಯಾಗಿದೆ’ ಎಂಬುದು ಎಸ್ತೊಯ್ ಕೊಂತೇಂತೊ, ಹೇಳುವವರು ಹೆಂಗಸಾದರೆ ಕೊಂತೇಂತಾ. ತುಳುವಿನ ‘ಎಂಕ್ ಬೋಡು’, ಮಲಯಾಳದ ‘ಎನಿಕ್ಕ್ ವೇಣಂ’ ಕೂಡ ಇದೇ ಬಲೆ. ಈ ನಾಲ್ಕನ್ನು ಮೊದಲ ವಾರದಲ್ಲೇ ಬಾಯಿಪಾಠ ಮಾಡಿಬಿಡುವುದು ಒಳ್ಳೆಯದು. ಒಮ್ಮೆ ತಪ್ಪಾಗಿ ಕೂತರೆ ಎಬ್ಬಿಸುವುದು ಕಷ್ಟ.

ಇನ್ನು ಗಮ್ಮತ್ತಿನ ಮಾತು. ನಮ್ಮ ಕಡೆ “ನಿನ್ನೆ ಮದುವೆಯಲ್ಲಿ ಒಳ್ಳೆ ಗಮ್ಮತ್ತಾಯ್ತು” ಎಂದಾಗ ಇಷ್ಟವಾದದ್ದು ಊಟವೋ, ನೆಂಟರೋ, ಮಾತುಕತೆಯೋ ಎಂದು ಬಿಡಿಸಿ ಹೇಳುವುದಿಲ್ಲ. ಅಷ್ಟು ಹೊತ್ತು ಸುಖವಾಗಿ ಕಳೆಯಿತು, ಅಷ್ಟೇ. ಇದಕ್ಕೆ ಗುಸ್ತಾರ್ ಸಾಲದು. ಸ್ಪೇನಿನವರು ‘ಪಾಸಾರ್ಲೊ ಬ್ಯೆನ್’ ಅನ್ನುತ್ತಾರೆ, ಪದಶಃ ‘ಅದನ್ನು ಚೆನ್ನಾಗಿ ಕಳೆಯುವುದು’. ಈಗ ಕರ್ತೃ ನಾನೇ: ಲೊ ಪಾಸೇ ಬ್ಯೆನ್, ನನಗೆ ಗಮ್ಮತ್ತಾಯ್ತು. ಲೊ ಪಾಸಾಮೊಸ್ ಬ್ಯೆನ್, ನಮಗೆ ಗಮ್ಮತ್ತಾಯ್ತು. ಈ ‘ಲೊ’ ಯಾವುದನ್ನು ಸೂಚಿಸುತ್ತದೆ ಎಂದು ಹುಡುಕುತ್ತ ಕೂರಬೇಡಿ. ಅದು ಹೆಪ್ಪುಗಟ್ಟಿದ ಪದ, ಸ್ಪೇನಿನ ಮಾತಿನಲ್ಲಿ ಬದಲಾಗದು. ಬಿಟ್ಟರೆ ಮಾತ್ರ ಅರ್ಥ ಕೆಡುತ್ತದೆ. ಪಾಸಾರ್ ಎಂಬುದಕ್ಕೆ ಹಾದುಹೋಗುವುದು, ನಡೆಯುವುದು ಎಂಬ ಅರ್ಥಗಳೂ ಇವೆ. ಲೊ ಪಾಸಾಸ್ತೆ ಬ್ಯೆನ್ ಎಂದು ಕೇಳಿದರೆ ‘ಗಮ್ಮತ್ತಾಯ್ತಾ?’, ಕೆ ತೆ ಪಾಸೋ ಎಂದು ಕೇಳಿದರೆ ‘ನಿನಗೇನಾಯ್ತು?’ ಎಂಬ ಗಾಬರಿಯ ಪ್ರಶ್ನೆ.

ಸ್ಪೇನಿನಲ್ಲಿ ಇದಕ್ಕೆ ಇನ್ನೊಂದು ‘ಮೆ’ ಸೇರಿಸಿ ‘ಮೆ ಲೊ ಪಾಸೇ ಬ್ಯೆನ್’ ಎನ್ನುವುದು ಬಹಳ ಸಾಮಾನ್ಯ. ಲ್ಯಾಟಿನ್ ಅಮೆರಿಕದ ಬಹುಪಾಲು ಕಡೆ ‘ಲೊ’ ಜಾಗದಲ್ಲಿ ‘ಲಾ’: ಲಾ ಪಾಸೇ ಬ್ಯೆನ್. ಎರಡೂ ಸರಿ, ಯಾವ ದೇಶದವರ ಜೊತೆ ಒಡನಾಟವೋ ಅದನ್ನು ಹಿಡಿದು ಒಂದಕ್ಕೇ ಅಂಟಿಕೊಳ್ಳುವುದು ಕಲಿಯುವವರಿಗೆ ಕ್ಷೇಮ. ಬ್ಯೆನ್ ಸಪ್ಪೆ ಅನಿಸಿದರೆ ಹೆನ್ಯಾಲ್, ಫೆನೊಮೆನಾಲ್, ದೆ ಮಾರಾಬೀಯಾ ಎಂದು ಏರಿಸಬಹುದು. ಸ್ಪೇನಿನವರು ‘ಬೋಂಬಾ’ ಎಂದೂ ಹೇಳುತ್ತಾರೆ, ಮೆ ಲೊ ಪಾಸೇ ಬೋಂಬಾ, ಬಾಂಬಿನಷ್ಟು ಗಮ್ಮತ್ತು.

ಇದರ ಪಕ್ಕದಲ್ಲೇ ‘ದಿಬೆರ್ತೀರ್ಸೆ’ ಇದೆ, ನಲಿಯುವುದು, ಮನಸ್ಸು ಹಗುರ ಮಾಡಿಕೊಳ್ಳುವುದು. ಕೊನೆಯ ‘ಸೆ’ ನೋಡಿ ಹೆದರಬೇಕಿಲ್ಲ. ‘ತೊಳೆ’ಗೂ ‘ತೊಳೆದುಕೊ’ಗೂ ಇರುವ ಅಂತರವೇ ಲಾಬಾರ್–ಲಾಬಾರ್ಸೆ ನಡುವಿನದ್ದು, ನಮ್ಮ ‘ಕೊಳ್ಳು’ ಮಾಡುವ ಕೆಲಸದ ದೊಡ್ಡ ಪಾಲನ್ನು ಅವರ ‘ಸೆ’ ಮಾಡುತ್ತದೆ. ದಿಬೆರ್ತೀರ್ ಎಂದರೆ ಇನ್ನೊಬ್ಬರನ್ನು ನಲಿಸು, ದಿಬೆರ್ತೀರ್ಸೆ ಎಂದರೆ ತಾನು ನಲಿ. ರೂಪಗಳಲ್ಲಿ ಸ್ವರ ಒಡೆಯುತ್ತದೆ: ಮೆ ದಿಬ್ಯೆರ್ತೊ, ತೆ ದಿಬ್ಯೆರ್ತೆಸ್, ಸೆ ದಿಬ್ಯೆರ್ತೆ, ಸೆ ದಿಬ್ಯೆರ್ತೆನ್. ‘ನಾವು’ ಬಂದಾಗ ಒಡೆಯದೆ ನೊಸ್ ದಿಬೆರ್ತೀಮೊಸ್. ಕಾರಣ ಒತ್ತು. ಬೇರಿನ ಎಕಾರದ ಮೇಲೆ ಒತ್ತು ಬಿದ್ದಾಗ ಅದು ‘ಯೆ’ ಆಗುತ್ತದೆ, ಒತ್ತು ಮುಂದಕ್ಕೆ ಸರಿದಾಗ ಹಾಗೇ ಉಳಿಯುತ್ತದೆ. ಭೂತಕಾಲದಲ್ಲಿ ನಾನು ಮೆ ದಿಬೆರ್ತೀ. ಅವಳು ಮಾತ್ರ ಸೆ ದಿಬಿರ್ತ್ಯೋ, ಅವರು ಸೆ ದಿಬಿರ್ತ್ಯೇರೊನ್, ಇಲ್ಲಿ ಎಕಾರ ಇಕಾರವಾಗಿದೆ. ಈ ಎರಡನ್ನು ಜೋರಾಗಿ ಹೇಳಿ ಹೇಳಿ ಬಾಯಿಗೆ ಕೂರಿಸದೆ ಬೇರೆ ದಾರಿ ಇಲ್ಲ.

‘ದಿಬೆರ್ತೀದೊ’ ಎಂಬ ಗುಣವಾಚಕ ಗಮ್ಮತ್ತು ಕೊಡುವ ವ್ಯಕ್ತಿಗೂ ಸಂಗತಿಗೂ ಸಲ್ಲುತ್ತದೆ. ಯಕ್ಷಗಾನದ ಹಾಸ್ಯಗಾರ ಎಸ್ ದಿಬೆರ್ತೀದೊ. ಅದರ ವಿರುದ್ಧದ ‘ಆಬುಱೀದೊ’ ಪದದಲ್ಲಿ ಎಚ್ಚರ ಬೇಕು. ಎಸ್ತೊಯ್ ಆಬುಱೀದೊ ಎಂದರೆ ನನಗೆ ಬೋರಾಗಿದೆ. ಸೊಯ್ ಆಬುಱೀದೊ ಎಂದರೆ ನಾನು ಬೋರು ಹೊಡೆಸುವ ಮನುಷ್ಯ. ‘ಇರುವುದು’ ಎನ್ನಲು ಅಲ್ಲಿ ಎರಡು ಕ್ರಿಯಾಪದ: ಎಸ್ತಾರ್ (ಎಸ್ತೊಯ್, ಎಸ್ತಾ) ಈಗಿನ ಸ್ಥಿತಿಗೆ, ಸೆರ್ (ಸೊಯ್, ಎಸ್) ಸ್ವಭಾವಕ್ಕೆ. ಊಟದ ಹೊತ್ತಿಗೂ ಇದೇ ಲೆಕ್ಕ. ಬಾಯಿಗಿಟ್ಟ ಪದಾರ್ಥ ರುಚಿಯಾಗಿದ್ದರೆ ಎಸ್ತಾ ರೀಕೊ. ಮನುಷ್ಯನ ಬಗ್ಗೆ ಎಸ್ ರೀಕೊ ಎಂದರೆ ಶ್ರೀಮಂತ. ಸಾರು ಎಸ್ತಾ ಬ್ವೇನಾ ಎನ್ನಬಹುದು, ಸಾರು ಬಡಿಸಿದ ಹೆಂಗಸಿನ ಬಗ್ಗೆ ಅದೇ ಮಾತು ಹೇಳಿದರೆ ಮೈಮಾಟದ ಬಗ್ಗೆ ಆಡಿದ ಒರಟು ಮಾತಾಗುತ್ತದೆ. ಇಂಗ್ಲಿಷಿನ ಗುಂಗಿನಲ್ಲಿ ‘ಎಸ್ತೊಯ್ ಎಕ್ಸಿತಾದೊ’ ಎಂದುಬಿಡುವುದೂ ಅಪಾಯ. ಬಹಳ ಕಡೆ ಅದಕ್ಕೆ ಕಾಮದ ಅರ್ಥ. ಉತ್ಸಾಹಕ್ಕೆ ಎಮೊಸ್ಯೊನಾದೊ ಎಂಬ ಪದವಿದೆ.

‘ದಿಸ್ಫ್ರುತಾರ್’ ಇವೆಲ್ಲಕ್ಕಿಂತ ಸ್ವಲ್ಪ ನಿಧಾನದ ಪದ, ಸವಿಯುವುದು, ಅನುಭವಿಸುವುದು. ದಿಸ್ಫ್ರೂತೊ ದೆ ಲಾ ಯೂಬ್ಯಾ, ಮಳೆಯನ್ನು ಸವಿಯುತ್ತೇನೆ. ‘ದೆ’ ಹಾಕಿದರೂ ಹಾಕದಿದ್ದರೂ ನಡೆಯುತ್ತದೆ. ಕೆಲಸವಾದರೆ ದಿಸ್ಫ್ರೂತೊ ಲೆಯೇಂದೊ, ‘ಓದುತ್ತಾ ಸವಿಯುತ್ತೇನೆ’, ಕನ್ನಡದ ‘ತ್ತಾ’ ಇದ್ದ ಹಾಗೆಯೇ. ಇಂಗ್ಲಿಷಿನ “ಎಂಜಾಯ್”ಗೆ ನಿಘಂಟು ಮೊದಲು ಕೊಡುವುದು ಇದನ್ನೇ ಆದ್ದರಿಂದ ಕಲಿಯುವವರು ಎಲ್ಲದಕ್ಕೂ ಇದನ್ನೇ ಬಳಸುತ್ತಾರೆ. ಸಿನಿಮಾ ಚೆನ್ನಾಗಿತ್ತು ಎನ್ನಲು ಮೆ ಗುಸ್ತೋ ಸಾಕು, ಗೆಳೆಯರ ಜೊತೆಯ ಸಂಜೆಗೆ ಲೊ ಪಾಸೇ ಬ್ಯೆನ್ ಸಾಕು.

ಹಾರೈಕೆಗೆ ಕನ್ನಡದಲ್ಲಿ ‘ಲಿ’ ಇದೆ, ಒಳ್ಳೆಯದಾಗಲಿ ಎನ್ನುವ ‘ಲಿ’. ಸ್ಪ್ಯಾನಿಷಿನಲ್ಲಿ ವಾಕ್ಯದ ಮೊದಲಿಗೆ ‘ಕೆ’ ಇಟ್ಟು ಕ್ರಿಯಾಪದದ ಕೊನೆಯ ಸ್ವರ ಅದಲುಬದಲು ಮಾಡುತ್ತಾರೆ: ಆಕಾರವಿದ್ದಲ್ಲಿ ಎಕಾರ, ಎಕಾರವಿದ್ದಲ್ಲಿ ಆಕಾರ. ಪಾಸಾಸ್ ಇದ್ದದ್ದು ಕೆ ಲೊ ಪಾಸೆಸ್ ಬ್ಯೆನ್. ದಿಬ್ಯೆರ್ತೆಸ್ ಇದ್ದದ್ದು ಕೆ ತೆ ದಿಬ್ಯೆರ್ತಾಸ್. ನೀನು ಎನ್ನುವವರಿಗೆ ಇದು. ನೀವು ಎನ್ನಬೇಕಾದವರಿಗೆ ಕೊನೆಯ ‘ಸ್’ ಬಿಟ್ಟು ಕೆ ಲೊ ಪಾಸೆ ಬ್ಯೆನ್, ಕೆ ಸೆ ದಿಬ್ಯೆರ್ತಾ. ನೀನು–ನೀವು ಭೇದ ನಮಗೆ ರಕ್ತಗತವಾದ್ದರಿಂದ ಇಲ್ಲಿ ಎಡವುವವರು ಕಡಿಮೆ.

ಉದ್ಗಾರಗಳು ಮಾತ್ರ ದೇಶದಿಂದ ದೇಶಕ್ಕೆ ಬದಲಾಗುತ್ತವೆ. ನಮ್ಮಲ್ಲೂ ಹಾಗೇ ತಾನೇ? ಇಲ್ಲಿ ‘ಲಾಯ್ಕುಂಟು’, ಬೆಂಗಳೂರಿನಲ್ಲಿ ‘ಸಕತ್’, ಪಕ್ಕದ ಮಲಯಾಳದಲ್ಲಿ ‘ಅಡಿಪೊಳಿ’. ಸ್ಪೇನಿನಲ್ಲಿ ಕೆ ಗ್ವಾಯ್, ಕೊಲಂಬಿಯಾ, ವೆನೆಜುವೆಲಾ, ಪೆರು ಕಡೆ ಕೆ ಚೇಬೆರೆ, ಚಿಲಿಯಲ್ಲಿ ಬಾಕಾನ್, ಮೆಕ್ಸಿಕೊದಲ್ಲಿ ಕೆ ಚೀದೊ, ಕೆ ಪಾದ್ರೆ. ಪಾದ್ರೆ ಎಂದರೆ ಅಪ್ಪ, ಪೋರ್ಚುಗೀಸರಿಂದ ನಮಗೆ ಬಂದ ‘ಪಾದ್ರಿ’ಯೂ ಅದೇ ಬೇರಿನದು. ‘ಎಂಥ ಅಪ್ಪ!’ ಎಂದರೆ ‘ಎಂಥ ಲಾಯ್ಕ!’ ಎಂದಾಗುವುದು ಮೆಕ್ಸಿಕೊದಲ್ಲಿ. ಎಲ್ಲ ದೇಶಗಳಲ್ಲೂ ಸಲ್ಲುವುದು ಬೇಕಾದರೆ ಕೆ ಬ್ಯೆನ್, ಊಟಕ್ಕೆ ಕೆ ರೀಕೊ.

ತಿನ್ನಬೇಕೆಂಬ ಆಸೆಗೂ ಹೀಗೆ ಬೇರೆಬೇರೆ ಮಾತು. ಸ್ಪೇನಿನಲ್ಲಿ ಮೆ ಆಪೆತೇಸೆ, ಕೊಲಂಬಿಯಾದಲ್ಲಿ ಮೆ ಪ್ರೊಬೋಕಾ, ಮೆಕ್ಸಿಕೊದಲ್ಲಿ ಸೆ ಮೆ ಆಂತೋಹಾ. ಮೂರರಲ್ಲೂ ನಮ್ಮ ‘ನನಗೆ’ ಕೂತಿದೆ ಎಂಬುದನ್ನು ಗಮನಿಸಿ.

ಅಭ್ಯಾಸಕ್ಕೆ ದಿನಕ್ಕೆ 15 ನಿಮಿಷ ಸಾಕು, ಆದರೆ ಬಾಯಿಬಿಟ್ಟು ಮಾಡಬೇಕು. ಮೊದಲ ಮೂರು ದಿನ ಮನೆಯಲ್ಲಿ ಕಣ್ಣಿಗೆ ಬಿದ್ದ 10 ವಸ್ತುಗಳನ್ನು ಎಲ್, ಲಾ ಸಮೇತ ಬರೆದು ಗುಸ್ತಾ, ಗುಸ್ತಾನ್ ಹಾಕಿ ಹೇಳಿ. ಮುಂದಿನ ನಾಲ್ಕು ದಿನ ಅದೇ ವಸ್ತುಗಳನ್ನು ಅಮ್ಮನಿಗೆ, ಅಣ್ಣನಿಗೆ, ನೆರೆಮನೆಯವರಿಗೆ ಇಷ್ಟ ಎಂದು ಬದಲಿಸಿ, ‘ಲೆ’ ಬಂತೇ ಎಂದು ನೋಡಿ. ಎರಡನೆಯ ವಾರ ಪ್ರತಿ ರಾತ್ರಿ ಆ ದಿನದ ಮೂರು ಸಂಗತಿ: ಒಂದು ಮೆ ಗುಸ್ತೋ, ಒಂದು ಲೊ ಪಾಸೇ ಬ್ಯೆನ್, ಒಂದು ಮೆ ದಿಬೆರ್ತೀ. ಅಡಿಕೆ ಸುಲಿಯುವಾಗ, ಹಲಸಿನ ಸೊಳೆ ಬಿಡಿಸುವಾಗ ಕೈ ಕೆಲಸದಲ್ಲಿದ್ದು ಬಾಯಿ ಬಿಡುವಾಗಿರುತ್ತದೆ, ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಮೊಬೈಲಿನಲ್ಲಿ ನಿಮ್ಮ ದನಿಯನ್ನು ರೆಕಾರ್ಡ್ ಮಾಡಿ ಕೇಳಿದರೆ ಗುಸ್ತೊ–ಗುಸ್ತೋ ತಪ್ಪು ತಾನೇ ಗೊತ್ತಾಗುತ್ತದೆ.

ಆ ಕೈಕೆಲಸದ ಪದಗಳೂ ಸ್ಪ್ಯಾನಿಷಿನಲ್ಲಿ ಅಪರಿಚಿತವಲ್ಲ. ನಮ್ಮ ಕರಾವಳಿಯಿಂದ ಪೋರ್ಚುಗೀಸರ ಬಾಯಿಗೆ ಹೋಗಿ ಅಲ್ಲಿಂದ ಯುರೋಪನ್ನು ಸುತ್ತಿದ ಪದಗಳು ಅಲ್ಲಿ ಈಗಲೂ ಇವೆ: ಅಡಿಕೆಗೆ ಆರೇಕಾ, ವೀಳ್ಯದೆಲೆಗೆ ಬೆತೇಲ್, ಕೊಬ್ಬರಿಗೆ ಕೋಪ್ರಾ, ತೇಗಕ್ಕೆ ತೇಕಾ. ಮಲಯಾಳದ ಚಕ್ಕ ಪೋರ್ಚುಗೀಸಿನಲ್ಲಿ ಜಾಕಾ ಆಗಿ, ಮೆಕ್ಸಿಕೊದಲ್ಲಿ ಯಾಕಾ ಆಗಿದೆ. ಸ್ಪೇನಿನಲ್ಲಿ ‘ಹಾಕಾ’ ಎಂದು ಉಚ್ಚರಿಸುವ ರೂಪವೂ ಉಂಟು, ಆದರೆ ಆ ಪದಕ್ಕೆ ಚಿಕ್ಕ ಕುದುರೆ ಎಂಬರ್ಥವೂ ಇರುವುದರಿಂದ ಹಲಸಿನ ಹಣ್ಣಿಗೆ ಯಾಕಾ ಎನ್ನುವುದೇ ವಾಸಿ.

ಅತಿಥಿಗಳು ಸ್ಪ್ಯಾನಿಷ್ ಬಲ್ಲವರಾದರೆ ಸೊಳೆಯ ತಟ್ಟೆಯನ್ನು ಮುಂದೆ ಹಿಡಿದು ಒಂದೇ ಪದದಲ್ಲಿ ಕೇಳಬಹುದು: ಗುಸ್ತಾ? ಮೆಕ್ಸಿಕೊ ಕಡೆ ಹಿರಿಯರಿಗೆ, ಹೊಸಬರಿಗೆ ತಿನ್ನಲು ಕೊಡುವಾಗ ಆಡುವ ಗೌರವದ ಮಾತು ಅದು. ‘ಇಷ್ಟವೇ?’ ಎಂಬ ಪ್ರಶ್ನೆಯಲ್ಲ, ‘ತಗೊಳ್ತೀರಾ?’ ಎಂಬ ಉಪಚಾರ. ಅವರು ತೆಗೆದುಕೊಂಡ ಮೇಲೆ ಬ್ವೆನ್ ಪ್ರೊಬೇಚೊ ಎನ್ನಬೇಕು. ಕೈಗೆ ಮೇಣ ಹತ್ತದಂತೆ ತೆಂಗಿನೆಣ್ಣೆಯ ಬಟ್ಟಲನ್ನು ಅವರತ್ತ ಸರಿಸುವುದಕ್ಕೆ ಯಾವ ಭಾಷೆಯೂ ಬೇಕಾಗಿಲ್ಲ.